ಹೆಸರು ಕೇಳದ ಕೀಲಿಮಣೆಯನ್ನು ಕೊಳ್ಳುವ ಮುನ್ನ

ಹೋದ ಮಳೆಗಾಲದ ಒಂದು ಸಂಜೆ, ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ಮಿತ್ರರೊಬ್ಬರು ಬಗಲಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಬಂದರು. ಬೀದರ ಕಡೆಯವರು. ಹಗಲು ಗೋದಾಮೊಂದರಲ್ಲಿ ಲೆಕ್ಕ ಬರೆಯುತ್ತಾರೆ. ರಾತ್ರಿ ಕೋಣೆಯಲ್ಲಿ ಕುಳಿತು ಪುಟಕ್ಕೆ ಇಷ್ಟೆಂದು ಕನ್ನಡ ಬೆರಳಚ್ಚು ಮಾಡಿ ಊರಿಗೆ ನಾಲ್ಕು ಕಾಸು ಹೆಚ್ಚಾಗಿ ಕಳಿಸುತ್ತಾರೆ. ಪೆಟ್ಟಿಗೆಯನ್ನು ಪತ್ರಿಕೆಗಳ ಮೇಜಿನ ಮೇಲಿಟ್ಟು, “ಅಣ್ಣಾರ, ‘ಕ’ ಒಂದ್ ಸಲ ಒತ್ತಿದ್ರ ಎರಡ್ ಬೀಳ್ತಾವ್ರಿ. ನೂರಾ ಎಂಬತ್ತು ಪುಟ ಹಂಗೇ ಹೋಗ್ಯಾವ. ಕೆಲಸ ಕೊಟ್ಟವರು ಅರ್ಧ ರೊಕ್ಕ ಹಿಡಕೊಂಡಾರ” ಎಂದರು.

ಕೊಂಡು ಎರಡು ತಿಂಗಳಾಗಿತ್ತು. ಮಾರಿದ ಅಂಗಡಿಯವರು “ಕಂಪನಿಗೆ ಬರೆಯಿರಿ” ಎಂದು ಕೈತೊಳೆದುಕೊಂಡಿದ್ದರು. ಪೆಟ್ಟಿಗೆಯನ್ನು ನಾವು ತಿರುಗಿಸಿ ನೋಡಿದೆವು. ಹೆಸರಿತ್ತು, ಬಣ್ಣದ ಚಿತ್ರವಿತ್ತು, ಐದು ಕೋಟಿ ಒತ್ತು ಬಾಳುವುದೆಂಬ ಭರವಸೆಯೂ ಇತ್ತು. ತಯಾರಿಸಿದವರದಾಗಲಿ ಹೊರದೇಶದಿಂದ ತರಿಸಿದವರದಾಗಲಿ ವಿಳಾಸ ಮಾತ್ರ ಇರಲಿಲ್ಲ. ಬರೆಯುವುದಾದರೂ ಯಾರಿಗೆ?

ಈ ಪ್ರಸಂಗವಾದ ಮೇಲೆ ಹಲವು ಮಿತ್ರರು ಬಂದು, ಹೆಸರು ಕೇಳದ ಕಂಪನಿಯ ಮೆಕ್ಯಾನಿಕಲ್ ಕೀಲಿಮಣೆಯನ್ನು ಕೊಳ್ಳಬಹುದೇ, ಕೊಳ್ಳಬಾರದೇ ಎಂದು ಕೇಳುತ್ತಿದ್ದಾರೆ. ಕೊಳ್ಳಲೇಬಾರದೆಂದು ಹೇಳಿಬಿಡುವುದು ಸುಲಭ. ಆದರೆ ಹೆಸರುವಾಸಿಯಾದ ಕಂಪನಿಯ ಸಾಮಾನಿಗೆ ಏಳೆಂಟು ಸಾವಿರ ತೆರಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಎರಡು ಮೂರು ಸಾವಿರದೊಳಗೆ ಸಿಕ್ಕುವುದರಲ್ಲಿಯೇ ಒಳ್ಳೆಯದನ್ನು ಆರಿಸಬೇಕಾದವರೇ ಹೆಚ್ಚು. ಹಾಗೆ ಆರಿಸಲು ಬರುತ್ತದೆ ಎಂಬುದು ನಮ್ಮ ಅನುಭವ. ಹೆಸರನ್ನು ಬಿಟ್ಟು ಬೇರೆ ಕೆಲವನ್ನು ನೋಡಲು ಕಲಿತರೆ ಆಯಿತು.

ಮೊದಲು ಈ ಮೆಕ್ಯಾನಿಕಲ್ ಎಂಬುದು ಏನೆಂದು ತಿಳಿಯೋಣ. ಕಚೇರಿಗಳಲ್ಲಿರುವ ಸಾಧಾರಣ ಕೀಲಿಮಣೆಯ ಒಳಗೆ ಒಂದು ರಬ್ಬರು ಹಾಳೆ ಇರುತ್ತದೆ. ಪ್ರತಿ ಕೀಲಿಯ ಕೆಳಗೆ ಆ ಹಾಳೆ ಗುಮ್ಮಟದಂತೆ ಉಬ್ಬಿರುತ್ತದೆ. ಒತ್ತಿದಾಗ ಗುಮ್ಮಟ ಕುಸಿದು ಕೆಳಗಿನ ಸಂಪರ್ಕ ಕೂಡುತ್ತದೆ. ರಬ್ಬರು ಸಡಿಲವಾದಂತೆ ಕೀಲಿ ಮಂಕಾಗುತ್ತದೆ, ಒಂದು ಕೆಟ್ಟರೆ ಇಡೀ ಮಣೆಯನ್ನು ಎಸೆಯಬೇಕಾಗುತ್ತದೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಹಾಗಲ್ಲ. ಪ್ರತಿ ಕೀಲಿಗೂ ಬೇರೆ ಬೇರೆ ಸ್ವಿಚ್ಚು, ಅದರೊಳಗೆ ಉಕ್ಕಿನ ಸುರುಳಿ ಸ್ಪ್ರಿಂಗು ಮತ್ತು ತಗಡಿನ ಎರಡು ಎಸಳು ಇರುತ್ತವೆ. ಸಾಮಾನ್ಯವಾಗಿ ಕೀಲಿ 4 ಮಿಲಿಮೀಟರ್ ಇಳಿಯುತ್ತದೆ. 2 ಮಿಲಿಮೀಟರ್ ಇಳಿದಾಗಲೇ ಅಕ್ಷರ ಮೂಡುತ್ತದೆ. ಆದ್ದರಿಂದ ತಳ ಮುಟ್ಟುವ ತನಕ ಗುದ್ದಬೇಕಾಗಿಲ್ಲ. ದಿನವೆಲ್ಲ ಬೆರಳಾಡಿಸುವವರಿಗೆ ಈ ಅರ್ಧ ದಾರಿಯ ಉಳಿತಾಯ ಸಣ್ಣದೇನಲ್ಲ. ಅಂಗಡಿಗಳಲ್ಲಿ, ಬ್ಯಾಂಕುಗಳಲ್ಲಿ ಟಕಟಕ ಸದ್ದಿನಿಂದ ಗುರುತು ಸಿಗುತ್ತಿದ್ದ ಟಿವಿಎಸ್ ಗೋಲ್ಡ್ ಈ ಜಾತಿಯದೇ. ಅದರಲ್ಲಿ ಚೆರಿ ಕಂಪನಿಯ ನೀಲಿ ಸ್ವಿಚ್ಚುಗಳಿರುತ್ತಿದ್ದವು.

ಚೆರಿ ಜರ್ಮನಿಯ ಕಂಪನಿ. ಅದರ ಎಂ.ಎಕ್ಸ್. ಎಂಬ ಸ್ವಿಚ್ಚು 1980ರ ದಶಕದಲ್ಲಿ ಬಂದಿತು. ಅದರ ಮೇಲಿನ ಪೇಟೆಂಟು ಹಕ್ಕಿನ ಅವಧಿ ಮುಗಿದ ಮೇಲೆ ಅದೇ ಅಳತೆಯ, ಅದೇ ಮಾದರಿಯ ಸ್ವಿಚ್ಚನ್ನು ಯಾರು ಬೇಕಾದರೂ ತಯಾರಿಸಬಹುದಾಯಿತು. ಚೀನಾದ ಗೇಟೆರಾನ್, ಕೈಲ್, ಔಟೆಮು, ಟಿಟಿಸಿ ಮೊದಲಾದವರು ತಯಾರಿಸಿದರು. ಬೆಲೆ ಇಳಿಯಿತು. ಇವರಿಂದ ಸ್ವಿಚ್ಚು ಕೊಂಡು ಮಣೆಗೆ ಜೋಡಿಸುವ ಕಾರ್ಖಾನೆಗಳು ಹುಟ್ಟಿಕೊಂಡವು. ಅಂಥ ಕಾರ್ಖಾನೆಯಿಂದ ಸಗಟಾಗಿ ತರಿಸಿ ತಮ್ಮ ಹೆಸರಿನ ಪಟ್ಟಿ ಅಂಟಿಸಿ ಮಾರುವ ವ್ಯಾಪಾರಿಗಳೂ ಬಂದರು. ಒಂದೇ ಅಚ್ಚಿನ ಮಣೆ ಮೂರು ಹೆಸರಿನಲ್ಲಿ, ಮೂರು ಬೆಲೆಗೆ ಸಿಗುವುದು ಹೀಗೆ.

ಆದುದರಿಂದ ಪೆಟ್ಟಿಗೆಯ ಮೇಲಿನ ದೊಡ್ಡ ಹೆಸರು ಬಹಳ ಸಲ ಬರಿಯ ಪಟ್ಟಿ. ಅದರ ಹಿಂದೆ ಇನ್ನೆರಡು ಹೆಸರುಗಳಿರುತ್ತವೆ: ಸ್ವಿಚ್ಚು ಮಾಡಿದವರದು ಒಂದು, ಸಾಮಾನನ್ನು ದೇಶದೊಳಗೆ ತರಿಸಿ ಅದಕ್ಕೆ ಜವಾಬುದಾರರಾಗಿರುವವರದು ಇನ್ನೊಂದು. ಪಟ್ಟಿಯ ಹೆಸರು ಕೇಳದಿದ್ದರೆ ಚಿಂತೆಯಿಲ್ಲ. ಈ ಎರಡು ಹೆಸರೂ ಸಿಗದಿದ್ದರೆ ಮಾತ್ರ ಪೆಟ್ಟಿಗೆಯನ್ನು ಇದ್ದಲ್ಲಿಯೇ ಬಿಟ್ಟು ಬರುವುದು ಲೇಸು.

ನಮ್ಮ ಊರಿನಲ್ಲಿ ಕಂಪ್ಯೂಟರ್ ಸಾಮಾನಿಗೆ ಹೆಸರಾದ ಜಾಗ ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್. ಎಲ್ಲರೂ ಸಿಟಿಸಿ ಎನ್ನುತ್ತಾರೆ. ಅಲ್ಲಿ ಅಂಗಡಿಗೆ ಅಂಗಡಿ ತಾಗಿಕೊಂಡಿರುವುದರಿಂದ ಒಬ್ಬರು ತೆರೆದು ತೋರಿಸದಿದ್ದರೆ ಮತ್ತೊಬ್ಬರು ತೋರಿಸುತ್ತಾರೆ. “ಭಾಯ್, ಏಕ್ ಬಟನ್ ನಿಕಾಲ್ ಕೇ ದಿಖಾವ್” ಎಂದು ನಗುನಗುತ್ತಾ ಕೇಳಿದರೆ ಸಾಕು. ಸಂಕೋಚ ಬೇಡ, ಮಾವಿನಹಣ್ಣನ್ನು ಮೂಸಿ ನೋಡಿ ಕೊಳ್ಳುವ ನಾವು ಎರಡು ಸಾವಿರದ ಸಾಮಾನನ್ನು ಪೆಟ್ಟಿಗೆಯ ಚಿತ್ರ ನೋಡಿ ಕೊಳ್ಳುವುದುಂಟೇ?

ಕೀಲಿಯ ಟೋಪಿಯನ್ನು ಕಳಚಲು ತಂತಿಯ ಸಣ್ಣ ಚಿಮಟವೊಂದು ಇರುತ್ತದೆ. ಸಾಧಾರಣವಾಗಿ ಪೆಟ್ಟಿಗೆಯಲ್ಲಿಯೇ ಬರುತ್ತದೆ. ಟೋಪಿ ತೆಗೆದಾಗ ಚೌಕಾಕಾರದ ಸ್ವಿಚ್ಚು, ಅದರ ನಡುವೆ ಕೂಡಿಸುವ ಚಿಹ್ನೆಯಂಥ ಕಂಬ ಕಾಣಬೇಕು. ಸ್ವಿಚ್ಚಿನ ತಲೆಯ ಮೇಲೆ ತಯಾರಕರ ಹೆಸರನ್ನು ಇಂಗ್ಲಿಷಿನಲ್ಲಿ ಸಣ್ಣಗೆ ಕೊರೆದಿರುತ್ತಾರೆ. ಅದನ್ನು ಓದಿಕೊಳ್ಳಬೇಕು, ಎರಡು ಮೂರು ಕೀಲಿಗಳಲ್ಲಿ ನೋಡಬೇಕು. ಪೆಟ್ಟಿಗೆಯ ಮೇಲೆ ‘ಮೆಕ್ಯಾನಿಕಲ್ ಫೀಲ್’ ಎಂದೋ ‘ಸೆಮಿ ಮೆಕ್ಯಾನಿಕಲ್’ ಎಂದೋ ಬರೆದಿದ್ದರೆ ಅದು ಒಳಗೆ ರಬ್ಬರು ಹಾಳೆಯದೇ ಎಂದು ತಿಳಿಯತಕ್ಕದ್ದು. ಅಂಥವುಗಳಲ್ಲಿಯೂ ಕೆಲವಕ್ಕೆ ಕೂಡಿಸುವ ಚಿಹ್ನೆಯ ಕಂಬವನ್ನೇ ಇಟ್ಟಿರುತ್ತಾರೆ. ಆದರೆ ಬಿಡಿಯಾದ ಸ್ವಿಚ್ಚಿನ ಪೆಟ್ಟಿಗೆಯಾಗಲಿ ಸ್ಪ್ರಿಂಗಾಗಲಿ ಇರುವುದಿಲ್ಲ. ಒತ್ತಿದರೆ ಮೆತ್ತಗೆ ಕುಸಿಯುತ್ತದೆ. ಬೆಲೆ ಕಡಿಮೆಯಾದರೆ ಅದನ್ನೂ ಕೊಳ್ಳಬಹುದು, ಮೋಸಹೋಗಿ ಮಾತ್ರ ಕೊಳ್ಳಬಾರದು.

ಸ್ವಿಚ್ಚಿನ ಬಣ್ಣಕ್ಕೆ ಒಂದು ರೂಢಿಯುಂಟು. ಕೆಂಪು ನುಣ್ಣಗೆ ಇಳಿಯುತ್ತದೆ. ಕಂದು ನಡುವೆ ಸಣ್ಣ ತಡೆಯನ್ನು ಬೆರಳಿಗೆ ತಿಳಿಸುತ್ತದೆ. ನೀಲಿ ತಡೆಯ ಜತೆಗೆ ‘ಟಕ್’ ಎನ್ನುತ್ತದೆ. ಒಂದೇ ಕೋಣೆಯಲ್ಲಿ ನಾಲ್ವರು ಮಲಗುವ ನಮ್ಮಂಥವರು ರಾತ್ರಿ ಕೆಲಸಕ್ಕೆ ನೀಲಿ ಕೊಂಡರೆ ಸ್ನೇಹ ಕೆಡುವುದು ಖಂಡಿತ. ಇದು ರೂಢಿಯೇ ಹೊರತು ಕಟ್ಟುನಿಟ್ಟಿನ ನಿಯಮವಲ್ಲ. ಒಬ್ಬರ ಕೆಂಪಿಗೂ ಇನ್ನೊಬ್ಬರ ಕೆಂಪಿಗೂ ಬಿಗಿಯಲ್ಲಿ ವ್ಯತ್ಯಾಸವಿರುತ್ತದೆ.

ಬಿಗಿಯನ್ನು ಅಳೆಯಲು ಒಂದು ಸುಲಭ ಉಪಾಯ ಹೇಳುತ್ತೇವೆ. ಚೆರಿಯ ಕೆಂಪು ಸ್ವಿಚ್ಚು ಸುಮಾರು 45 ಗ್ರಾಂ ತೂಕಕ್ಕೆ ಅಕ್ಷರ ಮೂಡಿಸುತ್ತದೆ. ನಮ್ಮ ಹತ್ತು ರೂಪಾಯಿಯ ನಾಣ್ಯ 7.7 ಗ್ರಾಂ. ಆರು ನಾಣ್ಯಕ್ಕೆ 46 ಗ್ರಾಂ ಆಯಿತು. ನಾಣ್ಯ ಅಗಲವಾದ್ದರಿಂದ ಪಕ್ಕದ ಕೀಲಿಗೆ ತಾಗದಂತೆ ಕೀಲಿಯ ಮೇಲೆ ಪೆನ್ಸಿಲ್ ರಬ್ಬರಿನ ಸಣ್ಣ ತುಂಡನ್ನಿಟ್ಟು, ಅದರ ಮೇಲೆ ಒಂದೊಂದೇ ನಾಣ್ಯ ಪೇರಿಸುತ್ತಾ ಹೋಗಬೇಕು. ಎಷ್ಟನೆಯ ನಾಣ್ಯಕ್ಕೆ ಅಕ್ಷರ ಬಿದ್ದಿತೆಂದು ಎಣಿಸಬೇಕು. ಐದೋ ಏಳೋ ಎಂಬುದು ಮುಖ್ಯವಲ್ಲ. ನಾಲ್ಕು ಕಡೆಯ ನಾಲ್ಕು ಕೀಲಿಗಳಲ್ಲಿ ಇದನ್ನೇ ಮಾಡಿದರೆ ಲೆಕ್ಕ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಐದಕ್ಕೆ ಇಳಿದು ಇನ್ನೊಂದು ಎಂಟನ್ನು ಕೇಳಿದರೆ, ಕಾರ್ಖಾನೆಯಲ್ಲಿ ಆರಿಸಿ ನೋಡುವವರು ಯಾರೂ ಇರಲಿಲ್ಲವೆಂದು ಅರ್ಥ. ಹೆಸರು ಕೇಳದ ಸಾಮಾನಿನಲ್ಲಿ ನಾವು ಪರೀಕ್ಷಿಸಬೇಕಾದುದು ಈ ಸಮತೆಯನ್ನು.

‘ಐದು ಕೋಟಿ ಒತ್ತು’ ಎಂಬ ಬರಹಕ್ಕೆ ಮರುಳಾಗಬೇಡಿ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಮೂವತ್ತು ಸಾವಿರ ಒತ್ತುವ ಗುಮಾಸ್ತನೊಬ್ಬ ಅದರಲ್ಲಿ ಮೂರು ಸಾವಿರವನ್ನು ಒಂದೇ ಕೀಲಿಯ ಮೇಲೆ ಒತ್ತಿದನೆಂದುಕೊಂಡರೂ, ವರ್ಷದ ಮುನ್ನೂರು ದಿನಕ್ಕೆ ಒಂಬತ್ತು ಲಕ್ಷವಾಯಿತು. ಐದು ಕೋಟಿ ಮುಗಿಯಲು ಐವತ್ತೈದು ವರ್ಷ ಬೇಕು. ಆತ ನಿವೃತ್ತನಾದರೂ ಸ್ವಿಚ್ಚು ಸವೆಯುವುದಿಲ್ಲ! ಆದರೂ ನಮ್ಮ ಮಿತ್ರರದು ಎರಡು ತಿಂಗಳಿಗೆ ಕೆಟ್ಟಿತಲ್ಲ? ಅದು ಸವೆತವಲ್ಲ. ಒಳಗಿನ ತಗಡಿನ ಎಸಳುಗಳು ಕೂಡುವಾಗ ಒಮ್ಮೆಗೇ ಕೂಡದೆ ಕ್ಷಣಮಾತ್ರ ಪುಟಿಯುತ್ತವೆ. ಆ ಪುಟಿತ ನಿಲ್ಲಲೆಂದು ಮಣೆಯೊಳಗಿನ ಚಿಪ್ಪು ಕೆಲವು ಮಿಲಿಸೆಕೆಂಡು ಕಾಯುತ್ತದೆ. ತಗಡು ಕಳಪೆಯಾದರೆ, ಇಲ್ಲವೆ ಅದರ ಮೇಲೆ ಧೂಳು, ತುಕ್ಕು ಕುಳಿತರೆ ಪುಟಿತ ಹೆಚ್ಚುತ್ತದೆ. ಚಿಪ್ಪು ಕಾದದ್ದು ಸಾಲದೆ ಒಂದು ಒತ್ತನ್ನು ಎರಡೆಂದು ಎಣಿಸುತ್ತದೆ. ನಮ್ಮಂತೆ ಗಿರಣಿಯ ಕಚೇರಿಯಲ್ಲಿ ಕುಳಿತುಕೊಳ್ಳುವವರಿಗೆ ಧೂಳೇ ದೊಡ್ಡ ಶತ್ರು. ಅಂಥವರು ಸಂಪರ್ಕದ ಭಾಗಕ್ಕೆ ಒಳಗೊಂದು ಗೂಡು ಕಟ್ಟಿ ಧೂಳನ್ನು ತಡೆಯುವ ‘ಬಾಕ್ಸ್’ ಜಾತಿಯ ಸ್ವಿಚ್ಚು ಸಿಕ್ಕರೆ ಅದನ್ನೇ ಆರಿಸುವುದು ಒಳ್ಳೆಯದು.

ಅಂಗಡಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ ನೋಟ್‌ಪ್ಯಾಡ್ ತೆರೆಸಿ. ಪ್ರತಿಯೊಂದು ಕೀಲಿಯನ್ನೂ ಹತ್ತು ಸಲ, ಮೆಲ್ಲಗೆ ಐದು, ಬೇಗ ಐದು, ಒತ್ತಿ ಎಣಿಸಿ. ಹನ್ನೊಂದು ಬಿದ್ದರೆ ಆ ಮಣೆ ಬೇಡ. ಬಳಿಕ ಆರು ಅಕ್ಷರದ ಕೀಲಿಗಳನ್ನು ಒಟ್ಟಿಗೆ ಅದುಮಿ, ಆರೂ ಮೂಡಬೇಕು. ಹತ್ತು ನಿಮಿಷದ ಕೆಲಸ. ಅಂಗಡಿಯವನು ಗೊಣಗಿದರೆ ಒಂದು ಚಹಾ ತರಿಸಿ ಕೊಡಿ.

ಸ್ಪೇಸ್, ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್ ಇವು ಉದ್ದನೆಯ ಕೀಲಿಗಳು. ಇವುಗಳ ಅಡಿಯಲ್ಲಿ ಎರಡು ತುದಿಯನ್ನೂ ಸಮನಾಗಿ ಇಳಿಸಲು ಬಾಗಿಸಿದ ತಂತಿಯೊಂದಿರುತ್ತದೆ. ಅಗ್ಗದ ಮಣೆಗಳ ಗುಟ್ಟು ರಟ್ಟಾಗುವುದು ಇಲ್ಲಿಯೇ. ನಡುವೆ ಒತ್ತದೆ ತುದಿಯಲ್ಲಿ ಒತ್ತಿ ನೋಡಿ. ಸಿಕ್ಕಿಕೊಂಡರೆ, ಅಥವಾ ಹಳೆಯ ಸೈಕಲಿನ ಮಡ್‌ಗಾರ್ಡಿನಂತೆ ಗಲಗಲ ಎಂದರೆ, ದಿನವೆಲ್ಲ ಅದನ್ನು ಕೇಳುವ ತಾಳ್ಮೆ ನಿಮಗಿದೆಯೇ ಎಂದು ಯೋಚಿಸಿ.

ಕನ್ನಡ ಬರೆಯುವವರಿಗೆ ಶಿಫ್ಟ್ ಕೀಲಿಯ ಮಾತು ಇನ್ನೂ ಮುಖ್ಯ. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸದಲ್ಲಿ ದೀರ್ಘಕ್ಕೂ ಮಹಾಪ್ರಾಣಕ್ಕೂ ‘ಣ’, ‘ಳ’ಗಳಿಗೂ ಶಿಫ್ಟ್ ಬೇಕು. ಒತ್ತಕ್ಷರಕ್ಕೆ ಎಫ್ ಕೀಲಿ ಬೇಕು. ಒತ್ತಿಲ್ಲದ ಕನ್ನಡ ವಾಕ್ಯ ಎಲ್ಲುಂಟು? ಇಂಗ್ಲಿಷಿನಲ್ಲಿ ಅಷ್ಟಾಗಿ ದುಡಿಯದ ಎಫ್ ಕೀಲಿ ನಮ್ಮ ಕೈಯಲ್ಲಿ ಎತ್ತಿನಂತೆ ದುಡಿಯುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಿಗೆ ಅದೇ ಕೆಲಸ ಡಿ ಕೀಲಿಯದು. ಹೊರಗಿನವರು ಬರೆದ ವಿಮರ್ಶೆಗಳಲ್ಲಿ ಇದು ಸಿಗುವುದಿಲ್ಲ, ನಾವೇ ನೋಡಿಕೊಳ್ಳಬೇಕು. ಎಡಗಡೆಯ ಶಿಫ್ಟು ಗಿಡ್ಡವಾಗಿರುವ ಮಣೆಗಳೂ ಉಂಟು, ಅವನ್ನು ದೂರವಿಡಿ.

ಲೆಕ್ಕದ ಕೆಲಸದವರು ಇನ್ನೊಂದನ್ನು ಗಮನಿಸಬೇಕು. ಈಗ ಪುಟ್ಟ ಪುಟ್ಟ ಮಣೆಗಳ ಶೋಕಿ. ಬಲಗಡೆಯ ಅಂಕಿಗಳ ಗುಂಪನ್ನು ತೆಗೆದುಹಾಕಿರುತ್ತಾರೆ. ಇನ್ನೂ ಚಿಕ್ಕವುಗಳಲ್ಲಿ ಮೇಲಿನ ಎಫ್-ಒಂದರಿಂದ ಹನ್ನೆರಡರ ಸಾಲೂ ಇರುವುದಿಲ್ಲ. ಟ್ಯಾಲಿಯಲ್ಲಿ ಪಾವತಿಗೆ ಎಫ್-ಐದು, ಜಮೆಗೆ ಎಫ್-ಆರು ಒತ್ತುವವರು ಪ್ರತಿ ಸಲವೂ ಇನ್ನೊಂದು ಕೀಲಿಯನ್ನು ಹಿಡಿದು ಒತ್ತುತ್ತಾ ಕುಳಿತರೆ ತಿಂಗಳ ಕೊನೆಗೆ ಏನಾದೀತು? ನೋಡಲು ಚಂದವೆಂದು ಮರುಳಾಗದೆ ಪೂರ್ಣ ಅಳತೆಯದನ್ನೇ ಕೊಳ್ಳತಕ್ಕದ್ದು. ಬಣ್ಣಬಣ್ಣದ ದೀಪಗಳಿಗೂ ಬೆರಳಚ್ಚಿಗೂ ಸಂಬಂಧವಿಲ್ಲ. ದೀಪಾವಳಿ ವರ್ಷಕ್ಕೊಮ್ಮೆ ಬಂದರೆ ಸಾಕು.

ಟೋಪಿಗಳಲ್ಲಿ ಎರಡು ಬಗೆಯ ಪ್ಲಾಸ್ಟಿಕು ಸಾಮಾನ್ಯ. ಎಬಿಎಸ್ ಎಂಬುದು ಬೆರಳಿನ ಜಿಡ್ಡಿಗೆ, ಉಜ್ಜುವಿಕೆಗೆ ಬೇಗ ಹೊಳಪೇರುತ್ತದೆ. ಪಿಬಿಟಿ ಹೆಚ್ಚು ಕಾಲ ಒರಟಾಗಿ ಉಳಿಯುತ್ತದೆ. ಅಕ್ಷರವನ್ನು ಬರಿದೆ ಮೇಲೆ ಅಚ್ಚೊತ್ತಿದ್ದರೆ ಅಳಿಸಿಹೋಗುತ್ತದೆ. ಎರಡು ಬಣ್ಣದ ಪ್ಲಾಸ್ಟಿಕನ್ನು ಎರಕ ಹೊಯ್ದು ಮಾಡಿದ್ದರೆ ಅಳಿಸದು. ಟೋಪಿಯ ಒಳಮೈ ನೋಡಿದರೆ ಎರಡು ಬಣ್ಣ ಕಾಣುವುದುಂಟು. ಟೋಪಿ ಕೆಟ್ಟರೆ ಬೇರೆ ಹಾಕಬಹುದು, ಇದಕ್ಕಾಗಿ ಒಳ್ಳೆಯ ಸ್ವಿಚ್ಚಿನ ಮಣೆಯನ್ನು ಬಿಡಬೇಡಿ.

ಕೆಟ್ಟ ಸ್ವಿಚ್ಚನ್ನು ಬದಲಿಸಲು ಬರುತ್ತದೆಯೇ ಎಂದು ಕೇಳುವುದನ್ನು ಮಾತ್ರ ಮರೆಯಬಾರದು. ಹಿಂದೆ ಎಲ್ಲ ಸ್ವಿಚ್ಚುಗಳನ್ನೂ ಬೆಸುಗೆ ಹಾಕಿಯೇ ಕೂರಿಸುತ್ತಿದ್ದರು. ಈಗ ‘ಹಾಟ್ ಸ್ವಾಪ್’ ಎಂಬ ಏರ್ಪಾಡು ಬಂದಿದೆ. ಗೋಡೆಯ ಪ್ಲಗ್ಗಿನಂತೆ ಕಿತ್ತು, ಬೇರೆಯದನ್ನು ಚುಚ್ಚಿದರಾಯಿತು. ಹೆಸರು ಕೇಳದ ಕಂಪನಿಯ ಮಣೆಗೆ ನೂರಿನ್ನೂರು ರೂಪಾಯಿ ಹೆಚ್ಚು ಕೊಟ್ಟಾದರೂ ಈ ಏರ್ಪಾಡಿನದನ್ನು ಕೊಳ್ಳಿರೆಂಬುದು ನಮ್ಮ ಸಲಹೆ. ಏಕೆಂದರೆ ನಾಳೆ ಕಂಪನಿಯೇ ಇಲ್ಲವಾದರೂ ಬಿಡಿ ಸ್ವಿಚ್ಚು ಸಿಗುತ್ತದೆ. ಆದರೆ ಒಂದು ಎಚ್ಚರಿಕೆ: ಕೆಲವು ಅಗ್ಗದ ಮಣೆಗಳ ತೂತುಗಳು ಕಿರಿದಾಗಿದ್ದು, ತೆಳುಕಾಲಿನ ಒಂದೇ ಬಗೆಯ ಸ್ವಿಚ್ಚನ್ನು ಮಾತ್ರ ಹಿಡಿಸುತ್ತವೆ. ಬೇರೆ ತಯಾರಕರ ಸ್ವಿಚ್ಚೊಂದನ್ನು ಅಲ್ಲಿಯೇ ಚುಚ್ಚಿ ತೋರಿಸಲು ಹೇಳಿ.

ತಂತಿಯದೋ, ತಂತಿಯಿಲ್ಲದ್ದೋ? ಬ್ಯಾಂಕಿನ ಗುಪ್ತಪದವನ್ನೂ ಕಚೇರಿಯ ಲೆಕ್ಕವನ್ನೂ ಒತ್ತುವ ನಮಗೆ ತಂತಿಯದೇ ಕ್ಷೇಮ. 2016ರಲ್ಲಿ ಅಮೆರಿಕದ ಬ್ಯಾಸ್ಟಿಲ್ ಎಂಬ ಸಂಸ್ಥೆಯ ಸಂಶೋಧಕರು, ಅಗ್ಗದ ಹಲವು ನಿಸ್ತಂತು ಕೀಲಿಮಣೆಗಳು ಒತ್ತಿದ ಅಕ್ಷರಗಳನ್ನು ಗುಪ್ತಲಿಪಿಗೆ ತಿರುಗಿಸದೆ ಹಾಗೆಯೇ ಗಾಳಿಗೆ ಬಿಡುತ್ತಿದ್ದುದನ್ನೂ, ದೂರದಲ್ಲಿ ಕುಳಿತವರು ಅದನ್ನು ಓದಬಹುದೆಂಬುದನ್ನೂ ತೋರಿಸಿಕೊಟ್ಟರು. ಹಾಗೆಯೇ ದೀಪ ಕುಣಿಸಲೆಂದು ಕಂಪನಿ ಕೊಡುವ ತಂತ್ರಾಂಶವನ್ನು, ಅದರಲ್ಲಿಯೂ ಎಲ್ಲಿಯದೋ ಕೊಂಡಿಯಿಂದ ಇಳಿಸಿಕೊಳ್ಳಬೇಕಾದುದನ್ನು, ಕಚೇರಿಯ ಕಂಪ್ಯೂಟರಿಗೆ ಹಾಕಬೇಡಿ. ಒಳ್ಳೆಯ ಮಣೆ ಚುಚ್ಚಿದ ಕೂಡಲೇ ಕೆಲಸ ಮಾಡಬೇಕು.

ಇನ್ನು ಕಾಗದಪತ್ರ. ಪೊಟ್ಟಣ ಕಟ್ಟಿದ ಸಾಮಾನುಗಳ 2011ರ ನಿಯಮಗಳಂತೆ ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು-ವಿಳಾಸ, ಗರಿಷ್ಠ ಮಾರಾಟ ಬೆಲೆ, ತಿಂಗಳು-ವರ್ಷ, ದೂರು ಹೇಳಲು ದೂರವಾಣಿ ಇರತಕ್ಕದ್ದು. ಆಮದಿನ ಸಾಮಾನಿಗೆ ಯಾವ ದೇಶದ್ದೆಂಬುದೂ ಇರಬೇಕು. ಇವಿಲ್ಲದ ಪೆಟ್ಟಿಗೆಯನ್ನು ಎರಡನೆಯ ಮಾತಿಲ್ಲದೆ ಹಿಂದಕ್ಕೆ ಕೊಡಿ. ತಂತಿಯಿಲ್ಲದ ಕೀಲಿಮಣೆಗೆ ಸರ್ಕಾರದ ಆದೇಶದ ಪ್ರಕಾರ ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿ ಆಗಿರಬೇಕು; ಆರ್ ಅಕ್ಷರದಿಂದ ಶುರುವಾಗುವ ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಇದು ಅಪಾಯವಿಲ್ಲವೆಂಬುದಕ್ಕೆ ಗುರುತೇ ಹೊರತು ಬೆರಳಿಗೆ ಹಿತವೆಂಬುದಕ್ಕಲ್ಲ.

ಜಿಎಸ್‌ಟಿ ಬಿಲ್ಲು ಬೇಡವೆಂದರೆ ನೂರು ರೂಪಾಯಿ ಕಡಿಮೆ ಮಾಡುತ್ತೇನೆಂದು ಹೇಳುವವರಿದ್ದಾರೆ. ಆ ನೂರಕ್ಕೆ ಆಸೆಪಡಬೇಡಿ. ಬಿಲ್ಲಿನಲ್ಲಿ ಮಾದರಿಯ ಹೆಸರನ್ನೂ ವಾರಂಟಿಯ ಅವಧಿಯನ್ನೂ ಬರೆಸಿಕೊಳ್ಳಿ. ಬಿಲ್ಲಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳಬಹುದು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವುಂಟು. 5 ಲಕ್ಷದವರೆಗಿನ ಸಾಮಾನಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. 2019ರ ಕಾನೂನಿನಂತೆ ನಾವು ವಾಸಿಸುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಕೊಡಬಹುದು. ಮಾರಿದವರು ದಿಲ್ಲಿಯಲ್ಲಿದ್ದರೆ ದಿಲ್ಲಿಗೆ ಹೋಗಬೇಕಾಗಿಲ್ಲ. ಪರಊರಿನಲ್ಲಿ ದುಡಿಯುವ ನಮಗೆ ಇದು ದೊಡ್ಡ ಅನುಕೂಲ.

ಅಂತರ್ಜಾಲದಲ್ಲಿ ತರಿಸುವವರಿಗೆ ಟೋಪಿ ಕಳಚಿ ನೋಡುವ ಭಾಗ್ಯವಿಲ್ಲ. ಅವರು ಕೊಂಡವರ ಅಭಿಪ್ರಾಯಗಳಲ್ಲಿ ಪೆಟ್ಟಿಗೆ ಬಿಚ್ಚಿದ ದಿನವೇ ಬರೆದವನ್ನು ಬಿಟ್ಟು, ಮೂರು ನಾಲ್ಕು ತಿಂಗಳು ಬಳಸಿ ಬರೆದವನ್ನು ಓದಬೇಕು. ಎರಡು ಸಲ ಅಕ್ಷರ ಬೀಳುವ ದೂರು ಹಲವರದಾಗಿದ್ದರೆ ಅಲ್ಲಿಗೆ ಬಿಡಬೇಕು. ಹಣ ವಾಪಸು ಕೊಡುತ್ತಾರೋ, ಬರಿದೆ ಬದಲಿ ಕೊಡುತ್ತಾರೋ ಎಂಬುದನ್ನು ಮೊದಲೇ ನೋಡಬೇಕು. ಸಾಮಾನು ಬಂದ ದಿನವೇ ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿ ಮುಗಿಸಬೇಕು. ಭಾನುವಾರ ನೋಡೋಣವೆಂದು ಇಟ್ಟರೆ ವಾಪಸಿನ ಗಡುವು ಕಳೆದುಹೋಗಿರುತ್ತದೆ.

ನಮ್ಮ ಮಿತ್ರರ ಮಣೆ ಏನಾಯಿತೆಂದು ಕೇಳುತ್ತೀರಿ. ಅದರ ಸ್ವಿಚ್ಚುಗಳ ತಲೆಯ ಮೇಲೆ ಯಾರ ಹೆಸರೂ ಇರಲಿಲ್ಲ, ಎಲ್ಲಕ್ಕೂ ಬೆಸುಗೆ ಹಾಕಿತ್ತು. ಕೋಠಿಯ ಗುಜರಾತಿ ಗಲ್ಲಿಯಲ್ಲಿ ರಿಪೇರಿ ಮಾಡುವವರೊಬ್ಬರು ಬೆಸುಗೆ ಬಿಡಿಸಿ, ಯಾರೂ ಒತ್ತದ ಸ್ಕ್ರೋಲ್ ಲಾಕ್ ಕೀಲಿಯ ಸ್ವಿಚ್ಚನ್ನು ತೆಗೆದು ‘ಕ’ದ ಜಾಗಕ್ಕೆ ಕೂರಿಸಿಕೊಟ್ಟರು. ಈಗ ‘ಕ’ ಒಂದೇ ಬೀಳುತ್ತಿದೆ. ಮೊನ್ನೆಯಿಂದ ‘ನ’ ಶುರುವಾಗಿದೆಯಂತೆ. ಪಾಸ್ ಕೀಲಿಯೊಂದು ಇನ್ನೂ ಉಳಿದಿದೆ. ಹೊಸದನ್ನು ಕೊಳ್ಳಲು ಸಿಟಿಸಿಗೆ ಹೋಗುವಾಗ ಜತೆಗೆ ಬರಬೇಕೆಂದು ಹೇಳಿದ್ದಾರೆ. ಹತ್ತು ರೂಪಾಯಿಯ ನಾಣ್ಯಗಳನ್ನು ಕೂಡಿಸುತ್ತಿದ್ದೇವೆ.